ಹಾಡಿಗೆ ಮುಂಚಿನ ಹೊತ್ತು

ಜಯನಗರದಲ್ಲಿ ಕೆಲವು ಗೆಳೆಯರು ಸೇರಿ ತಿಂಗಳಿಗೊಮ್ಮೆ ಮಾತುಕತೆ ನಡೆಸುತ್ತಾರೆ. ಅಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಬರೆಯುವಾಗ ಸ್ವಲ್ಪ ಒಪ್ಪ ಮಾಡಿದ್ದೇನೆ, ಧಾಟಿ ಮಾತಿನದ್ದೇ.

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಅಕ್ಕನ ಮಗಳು ಮನೆಗೆ ಬಂದಿದ್ದಳು. ಎರಡನೇ ಪಿಯುಸಿ ಓದುತ್ತಿದ್ದಾಳೆ. ಅವಳು ಜೀವದಷ್ಟು ಇಷ್ಟಪಡುವ ಬ್ಯಾಂಡ್ ಒಂದು ಬೆಂಗಳೂರಿಗೆ ಬರುತ್ತಿದೆ. ಟಿಕೆಟ್ ಸಿಕ್ಕಿದೆ. ಮೂರು ವರ್ಷದಿಂದ ಇಯರ್‌ಫೋನಿನಲ್ಲಿ ಕೇಳಿದ್ದನ್ನು ಮೊದಲ ಸಲ ಎದುರಿಗೆ ನಿಂತು ಕೇಳಲಿದ್ದಾಳೆ. ಕೂತಲ್ಲಿ ಕೂರುತ್ತಿರಲಿಲ್ಲ. "ಮಾಮ, ಇನ್ನೂ ಇಪ್ಪತ್ತಾರು ದಿನ ಇದೆ. ಹೆಂಗೆ ಕಳೀಲಿ ಹೇಳು," ಅಂದಳು. ಅಕ್ಕ ಅಡುಗೆಮನೆಯಿಂದಲೇ, "ಓದ್ಕೊಂಡು ಕಳಿ," ಅಂದಳು.

ಆಗ ನಾನು ಸರಿಯಾಗಿ ಏನೂ ಹೇಳಲಿಲ್ಲ. ಆದರೆ ಅವಳ ಪ್ರಶ್ನೆ ತಲೆಯಲ್ಲೇ ಉಳಿಯಿತು. ಇವತ್ತಿನ ಮಾತು ಅವಳಿಗೆ ಅವತ್ತೇ ಕೊಡಬೇಕಿದ್ದ ಉತ್ತರ. ಪುಟ್ಟಿ, ಆ ಇಪ್ಪತ್ತಾರು ದಿನಗಳನ್ನು ಕಳೀಬೇಡ, ಕೇಳು. ಒಂದು ಬ್ಯಾಂಡನ್ನು ನಾವು ತೀರಾ ಹತ್ತಿರದಿಂದ ಕೇಳುವುದು ಮೊದಲ ಸಲ ಅವರನ್ನು ನೋಡಲು ಕಾಯುವ ದಿನಗಳಲ್ಲಿ. ಯಾಕೆ ಹೀಗೆ ಹೇಳುತ್ತೇನೆ ಅನ್ನುವುದಕ್ಕೆ ನನ್ನದೇ ಕಥೆ ಹೇಳಬೇಕು.

1998. ನಾನಾಗ ಹೈಸ್ಕೂಲು, ಮನೆ ಬೆಂಗಳೂರಿನ ಶ್ರೀನಗರದಲ್ಲಿ. ಎದುರುಮನೆಯ ಅಣ್ಣ ಇಂಜಿನಿಯರಿಂಗ್ ಓದುತ್ತಿದ್ದ. ಅವನ ಹತ್ತಿರ ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಇತ್ತು. ಒಂದರಿಂದ ಇನ್ನೊಂದಕ್ಕೆ ಹಾಡು ಇಳಿಸಬಹುದಿತ್ತು. ಖಾಲಿ ಕ್ಯಾಸೆಟ್ ನಾನು ಕೊಟ್ಟೆ, ಹಾಡು ಅವನು ತುಂಬಿಸಿದ. ಮೆಟಾಲಿಕಾ ಬ್ಯಾಂಡಿನ 1991ರ ಆಲ್ಬಮ್ ಅದು. ಅದರ ಹೊದಿಕೆ ಹೆಚ್ಚುಕಮ್ಮಿ ಪೂರ್ತಿ ಕಪ್ಪು. ಹಾಗಾಗಿ ಎಲ್ಲರೂ ಬ್ಲ್ಯಾಕ್ ಆಲ್ಬಮ್ ಅಂತಲೇ ಕರೆಯುತ್ತಾರೆ.

ಇಲ್ಲಿ ಹೆವಿ ಮೆಟಲ್ ಕೇಳದವರೂ ಇದ್ದೀರಿ. ಎರಡು ಮಾತು ಹೇಳಿಬಿಡುತ್ತೇನೆ. ಮೆಟಾಲಿಕಾ ಶುರುವಾದದ್ದು 1981ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ. ಡೆನ್ಮಾರ್ಕಿನಲ್ಲಿ ಹುಟ್ಟಿದ ಲಾರ್ಸ್ ಉಲ್ರಿಕ್ ಡ್ರಮ್ಸ್, ಜೇಮ್ಸ್ ಹೆಟ್‌ಫೀಲ್ಡ್ ಗಿಟಾರ್ ಮತ್ತು ಹಾಡುಗಾರಿಕೆ. ಆಮೇಲೆ ಗಿಟಾರಿಗೆ ಕರ್ಕ್ ಹ್ಯಾಮೆಟ್ ಬಂದರು. ಬೇಸ್ ಗಿಟಾರಿನ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ತೀರಿಹೋದರು. ಆಗ ಅವರಿಗೆ ಬರೀ 24 ವರ್ಷ. ಸಂಗೀತ ಜೋರು, ವೇಗ, ಗಡುಸು. ಆದರೆ ಒಳಗೆ ಹೋದರೆ ತುಂಬ ಶಿಸ್ತಿನದು. ಲೆಕ್ಕ ತಪ್ಪದ ಲಯ. ನನಗೆ ಮೊದಲು ಹಿಡಿಸಿದ್ದು ಅದೇ.

ಆ ಆಲ್ಬಮ್ 62 ನಿಮಿಷ ಚಿಲ್ಲರೆ ಇದೆ. ನಾನು ಕೊಟ್ಟ ಕ್ಯಾಸೆಟ್ 60 ನಿಮಿಷದ್ದು. ಹಾಗಾಗಿ ಕೊನೆಯ ಹಾಡು, ಅಂದರೆ ಹನ್ನೆರಡನೆಯದು, ಪೂರ್ತಿ ಆಗುತ್ತಲೇ ಇರಲಿಲ್ಲ. ಹಾಡು ಓಡುತ್ತಿರುವಾಗಲೇ ಟೇಪ್ ಮುಗಿದು, ಗುಂಡಿ ಟಕ್ ಅಂತ ಮೇಲಕ್ಕೆ ಹಾರುತ್ತಿತ್ತು. ನನ್ನ ಮಟ್ಟಿಗೆ ಆ ಹಾಡಿನ ಕೊನೆ ಅಂದರೆ ಆ ಟಕ್. ವರ್ಷಗಳ ಕಾಲ ಹಾಗೇ ಕೇಳಿದೆ.

ಈ ಬ್ಯಾಂಡನ್ನು ಎಂದಾದರೂ ನೋಡುತ್ತೇನೆ ಅಂತ ಕನಸಲ್ಲೂ ಎಣಿಸಿರಲಿಲ್ಲ. ಆದರೆ ನಮ್ಮೂರಿನ ಅರಮನೆ ಮೈದಾನ ಆ ಹೊತ್ತಿಗೆ ನಿಧಾನವಾಗಿ ದೊಡ್ಡ ದೊಡ್ಡ ರಾಕ್ ಸಂಗೀತಗಾರರನ್ನು ಕರೆಸಿಕೊಳ್ಳುತ್ತಿತ್ತು. 2002ರಲ್ಲಿ ರೋಜರ್ ವಾಟರ್ಸ್. 2003ರಲ್ಲಿ ರೋಲಿಂಗ್ ಸ್ಟೋನ್ಸ್. 2007ರ ಮಾರ್ಚಿನಲ್ಲಿ ಐರನ್ ಮೇಡನ್. ಅವರು ಭಾರತದಲ್ಲಿ ಮೊದಲ ಸಲ ನುಡಿಸಿದ್ದು ಬೆಂಗಳೂರಿನಲ್ಲೇ. ವಾರಕ್ಕೆ ನಾಲ್ಕು ಮದುವೆ, ಆಗಾಗ ರಾಜಕೀಯ ಸಮಾವೇಶ, ನಡುವೆ ಒಂದು ದಿನ ಲಂಡನ್ನಿನ ಮೆಟಲ್ ಬ್ಯಾಂಡ್. ಎಲ್ಲ ಒಂದೇ ಮಣ್ಣಿನ ಮೇಲೆ. ಐರನ್ ಮೇಡನ್ ಬಂದಾಗ ನಾನು ಬೇರೆ ಊರಲ್ಲಿ ಕೆಲಸದಲ್ಲಿದ್ದೆ, ಹೋಗಲಾಗಲಿಲ್ಲ. ಅದೇ ಸಂಕಟದಲ್ಲಿದ್ದಾಗ 2011ರಲ್ಲಿ ಸುದ್ದಿ ಬಂತು. ಮೆಟಾಲಿಕಾ ಭಾರತಕ್ಕೆ ಬರುತ್ತಿದೆ. ಅಕ್ಟೋಬರ್ 28ಕ್ಕೆ ದೆಹಲಿ ಹತ್ತಿರದ ಗುರ್‌ಗಾಂವ್, 30ಕ್ಕೆ ಬೆಂಗಳೂರು.

ಟಿಕೆಟ್ ಕೈಗೆ ಬಂದ ದಿನ ಅದನ್ನು ಎಲ್ಲಿಡಬೇಕು ಅಂತಲೇ ಗೊತ್ತಾಗಲಿಲ್ಲ. ಅಮ್ಮ ತಗೊಂಡು ಬೀರುವಿನಲ್ಲಿ, ಎಲ್‌ಐಸಿ ಪಾಲಿಸಿ ಇಡುವ ಫೈಲಿನೊಳಗೆ ಇಟ್ಟಳು.

ಆಮೇಲೆ ನಡೆದದ್ದನ್ನು ನಾನು ಎಣಿಸಿರಲಿಲ್ಲ. ಹದಿಮೂರು ವರ್ಷದಿಂದ ಕೇಳಿದ ಹಾಡುಗಳು ಹೊಸದಾಗಿ ಕೇಳತೊಡಗಿದವು. ಅಲ್ಲಿಯವರೆಗೆ ನಾನು ಅವನ್ನು ಕೇಳುತ್ತಿದ್ದದ್ದು ಏನೋ ಕೆಲಸ ಮಾಡುತ್ತಾ. ಬಸ್ಸಿನಲ್ಲಿ, ಬಟ್ಟೆ ಇಸ್ತ್ರಿ ಮಾಡುವಾಗ, ಆಫೀಸಿನಲ್ಲಿ. ಹಾಡು ಒಂದು ಕಡೆ, ಗಮನ ಒಂದು ಕಡೆ. ಈಗ ಹಾಗಲ್ಲ. ರಾತ್ರಿ ದೀಪ ಆರಿಸಿ ಸುಮ್ನೆ ಕೂತು ಕೇಳುತ್ತಿದ್ದೆ. ಈ ಜಾಗದಲ್ಲಿ ಹೆಟ್‌ಫೀಲ್ಡ್ ಬಲಗೈ ಹೇಗೆ ಓಡುತ್ತದೆ? ಎಲ್ಲ ಹೊಡೆತವೂ ಮೇಲಿಂದ ಕೆಳಕ್ಕೇ ಬೀಳುತ್ತಿದೆಯಲ್ಲ, ಕೈ ಸೋಲುವುದಿಲ್ಲವೇ? ಇಲ್ಲಿ ಜನ ಏನು ಕೂಗುತ್ತಾರೆ? ನಾನೂ ಕೂಗುತ್ತೇನಾ? ಗಿಟಾರಿನ ಅಡಿಯಲ್ಲಿ ಬೇಸ್ ಏನು ಮಾಡುತ್ತಿದೆ ಅಂತ ನನಗೆ ನಿಜವಾಗಿ ಕೇಳಿಸಿದ್ದು ಆ ವಾರಗಳಲ್ಲಿ. ಬರ್ಟನ್ ನುಡಿಸಿದ ಮೊದಲ ಮೂರು ಆಲ್ಬಮ್‌ಗಳಿಗೆ ಅಷ್ಟು ಬೆಲೆ ಯಾಕೆ ಅನ್ನುವುದು ಅರ್ಥವಾದದ್ದೂ ಆಗಲೇ.

ಅವರ ಲೈವ್ ರೆಕಾರ್ಡಿಂಗ್‌ಗಳನ್ನು ಹುಡುಕಿ ಕೇಳಿದೆ. ಏನೋ ಬೇರೆ ಅನ್ನಿಸುತ್ತಿತ್ತು, ಏನು ಅಂತ ಹಿಡಿಯಲು ಆಗುತ್ತಿರಲಿಲ್ಲ. ಗಿಟಾರ್ ಬಾರಿಸುವ ಗೆಳೆಯನನ್ನು ಕೇಳಿದಾಗ ತಿಳಿಯಿತು. ವೇದಿಕೆಯಲ್ಲಿ ಅವರು ಶ್ರುತಿಯನ್ನು ಅರ್ಧ ಸ್ವರ ಇಳಿಸಿಕೊಳ್ಳುತ್ತಾರೆ. ವಯಸ್ಸಾದಂತೆ ಹಾಡುವವರ ಗಂಟಲಿಗೆ ಅದು ಹಿತ. ನಮ್ಮ ಸಂಗೀತಗಾರರೂ ವಯಸ್ಸಾದಂತೆ ಶ್ರುತಿ ಇಳಿಸುತ್ತಾರಲ್ಲ, ಹಾಗೇ. ಹದಿಮೂರು ವರ್ಷ ಅಭಿಮಾನಿ ಅಂತ ಹೇಳಿಕೊಂಡವನಿಗೆ ಈ ಒಂದು ವಿಷಯ ಕಿವಿಗೆ ಬಿದ್ದದ್ದು ಕಾಯುತ್ತಿದ್ದ ಆ ದಿನಗಳಲ್ಲಿ.

ಇದು ನನ್ನೊಬ್ಬನ ಅನುಭವವಲ್ಲ. ನಮ್ಮ ಮನೆಯಲ್ಲೇ ಇದನ್ನು ಮುಂಚೆ ಒಂದು ಸಲ ನೋಡಿದ್ದೆ. ಆಗ ನನಗೆ ಅರ್ಥವಾಗಿರಲಿಲ್ಲ ಅಷ್ಟೇ.

ಅದು 2005. ಸಿ. ಅಶ್ವಥ್ ಅವರು ಅದೇ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಕಾರ್ಯಕ್ರಮ ಮಾಡಿದ ವರ್ಷ. ಭಾವಗೀತೆ ಕೇಳಲು ಅಷ್ಟು ದೊಡ್ಡ ಮೈದಾನ ತುಂಬುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ತುಂಬಿತು. ಅಪ್ಪ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದರು. ಅಶ್ವಥ್ ಅಂದರೆ ಅವರಿಗೆ ಪ್ರಾಣ. ಆದರೆ ಒಂದು ಸಲವೂ ಎದುರಿಗೆ ಕೇಳಿರಲಿಲ್ಲ. ಡ್ಯೂಟಿ, ಟ್ರಾನ್ಸ್‌ಫರ್, ನಮ್ಮ ಸ್ಕೂಲು, ಹೀಗೇ ಏನಾದರೂ ಅಡ್ಡ ಬರುತ್ತಿತ್ತು. ಈ ಸಲ ಹೋಗಲೇಬೇಕು ಅಂತ ತೀರ್ಮಾನಿಸಿದರು.

ಹದಿನೈದು ದಿನ ಮುಂಚೆ ಒಂದು ಭಾನುವಾರ ಅಟ್ಟದ ಮೇಲಿಂದ ಕ್ಯಾಸೆಟ್ ಡಬ್ಬ ಇಳಿಸಿದರು. ಒಂದೊಂದನ್ನೂ ಬನಿಯನ್ ಬಟ್ಟೆಯಲ್ಲಿ ಒರೆಸಿದರು. ಕೆಲವು ಫಂಗಸ್ ಹಿಡಿದಿದ್ದವು. ಕೆಲವಕ್ಕೆ ಪೆನ್ಸಿಲ್ ಹಾಕಿ ಟೇಪ್ ಸುತ್ತಿದರು. ಆಮೇಲೆ ದಿನಾ ಸಂಜೆ ಆಫೀಸಿನಿಂದ ಬಂದು, ಕಾಫಿ ಕುಡಿದು, ಒಂದೊಂದೇ ಹಾಕಿ ಕೇಳುತ್ತಿದ್ದರು. ಮಡಿಲಲ್ಲಿ ಒಂದು ನೋಟ್‌ಬುಕ್. ಎಲ್ಲಿ ಸಾಲು ಎರಡು ಸಲ ಬರುತ್ತದೆ, ಎಲ್ಲಿ ಮೂರು ಸಲ, ಎಲ್ಲಿ ದನಿ ಮೇಲೆ ಹೋಗುತ್ತದೆ ಅಂತ ಗುರುತು ಹಾಕಿಕೊಳ್ಳುತ್ತಿದ್ದರು. ಪರೀಕ್ಷೆಗೆ ಓದುವ ಹುಡುಗನ ಹಾಗೆ. "ಹಾಡೋರು ಅವರು ಅಲ್ವಾ, ನಿಮಗ್ಯಾಕೆ ಈ ಪ್ರಾಕ್ಟೀಸು?" ಅಂತ ಅಮ್ಮ ಕೇಳಿದಳು. ಅಪ್ಪ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ವೇದಿಕೆ ಮೇಲೆ ಅವರು ಕ್ಯಾಸೆಟ್ಟಿನ ಹಾಗೇ ಹಾಡಲ್ಲ ಅಂತಾರೆ. ಎಲ್ಲಿ ಬದಲಾಯಿಸ್ತಾರೆ ಅಂತ ಗೊತ್ತಾಗಬೇಕಾದ್ರೆ, ಕ್ಯಾಸೆಟ್ಟಿನದ್ದು ನನಗೆ ಪೂರ್ತಿ ಗೊತ್ತಿರಬೇಕು."

ಕಾಯುವುದರ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಕೇಳಿಲ್ಲ. ಗೊತ್ತಿದ್ದರೆ ತಾನೇ ಅಚ್ಚರಿ? ಏನು ಬರುತ್ತದೆ ಅಂತ ಕಿವಿ ಮುಂಚೆಯೇ ಕೈ ಚಾಚಿ ನಿಂತಿರಬೇಕು. ಆಗಲೇ ಬೇರೆ ಏನೋ ಬಂದು ಕೈಗೆ ಬಿದ್ದಾಗ ಮೈ ಜುಂ ಅನ್ನುವುದು. ಅವತ್ತು ರಾತ್ರಿ ಅಪ್ಪ ಬಂದಾಗ ಹನ್ನೆರಡು ಗಂಟೆ ದಾಟಿತ್ತು. ಗಂಟಲು ಕೂತುಹೋಗಿತ್ತು. ಮಾತಾಡಲಿಲ್ಲ. ನೋಟ್‌ಬುಕ್ ತೆಗೆದು ಎರಡು ಮೂರು ಕಡೆ ಏನೋ ತಿದ್ದಿ ಮಲಗಿದರು. ಅಶ್ವಥ್ 2009ರ ಡಿಸೆಂಬರಿನಲ್ಲಿ ತೀರಿಕೊಂಡರು. ಆ ನೋಟ್‌ಬುಕ್ ಈಗ ನನ್ನ ಹತ್ತಿರ ಇದೆ.

ಅಮ್ಮನ ತವರು ಹೊನ್ನಾವರದ ಕಡೆ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗ ಯಕ್ಷಗಾನ ನೋಡುತ್ತಿದ್ದೆವು. ಅವರಿಗೆ ಅದು 'ಆಟ'. ಆಟ ಶುರುವಾಗುವ ಮುಂಚೆ ಚೆಂಡೆ ಮದ್ದಳೆ ಬಾರಿಸುತ್ತಾರೆ, ಅದಕ್ಕೆ 'ಕೇಳಿ' ಅಂತ ಹೆಸರು. ಇವತ್ತು ಇಲ್ಲಿ ಆಟ ಇದೆ ಅಂತ ಸುತ್ತಲಿನ ಊರಿಗೆಲ್ಲ ತಿಳಿಸುವ ಸದ್ದು. ಗದ್ದೆ ತೋಟ ದಾಟಿ ಅದು ಬಂದಾಗ, ನಾವು ಮಕ್ಕಳು ಊಟದ ಎಲೆ ಮುಂದೆ ಕೂತಿದ್ದರೂ ತುತ್ತು ಇಳಿಯುತ್ತಿರಲಿಲ್ಲ. ಅಲ್ಲಿ ಹೋದ ಮೇಲೂ ಕಥೆ ಕೂಡಲೇ ಶುರುವಾಗುವುದಿಲ್ಲ. ಮೊದಲು ಪೂರ್ವರಂಗ. ಕೋಡಂಗಿಗಳು, ಬಾಲಗೋಪಾಲರು, ಸ್ತ್ರೀವೇಷ. ಆಮೇಲೆ ದೊಡ್ಡ ವೇಷ ಬರುವಾಗ ಇಬ್ಬರು ತೆರೆ ಹಿಡಿಯುತ್ತಾರೆ. ವೇಷಧಾರಿ ತೆರೆಯ ಹಿಂದೆ ಕುಣಿಯುತ್ತಾನೆ. ನಮಗೆ ಕಾಣುವುದು ಕಿರೀಟದ ತುದಿ, ತೆರೆಯ ಅಡಿಯಲ್ಲಿ ಗೆಜ್ಜೆ ಕಟ್ಟಿದ ಕಾಲು. ಚೆಂಡೆ ಏರುತ್ತಾ ಹೋಗುತ್ತದೆ. ಮುಖ ಇನ್ನೂ ಇಲ್ಲ. ಕಾಯುವುದನ್ನೇ ಆಟದ ಒಂದು ಭಾಗ ಮಾಡಿದವರು ನಮ್ಮ ಹಿರಿಯರು. ಅದನ್ನು ಬರೀ ಹೊತ್ತು ಕಳೆಯುವುದು ಅಂತ ಅವರು ತಿಳಿದಿರಲಿಲ್ಲ.

ಇದಕ್ಕೆ ವಿಜ್ಞಾನದ ಕಡೆಯಿಂದಲೂ ಒಂದು ಮಾತು ಇದೆ. 2011ರಲ್ಲೇ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವ್ಯಾಲೊರಿ ಸಲಿಂಪೂರ್, ರಾಬರ್ಟ್ ಜಟೋರೆ ಮತ್ತು ಜೊತೆಯವರು ಒಂದು ಅಧ್ಯಯನ ಪ್ರಕಟಿಸಿದರು. ಸಂಗೀತ ಕೇಳಿದರೆ ಮೈ ನವಿರೇಳುವವರನ್ನೇ ಹುಡುಕಿ, ಅವರವರಿಗೆ ಇಷ್ಟವಾದ ಸಂಗೀತ ಕೇಳಿಸಿ, ಮಿದುಳಿನ ಸ್ಕ್ಯಾನ್ ತೆಗೆದರು. ಎಂಟೇ ಜನರ ಮೇಲೆ ಮಾಡಿದ್ದು, ಹಾಗಾಗಿ ಅದನ್ನು ಅಷ್ಟಕ್ಕೇ ಇಟ್ಟುಕೊಳ್ಳೋಣ. ರೋಮಾಂಚನ ಆಗುವ ಗಳಿಗೆಯಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆ ಆಗುವುದು ಕಂಡಿತು. ಜೊತೆಗೆ, ಆ ಗಳಿಗೆ ಬರುವ ಕೆಲವು ಸೆಕೆಂಡು ಮುಂಚೆಯೇ ಮಿದುಳಿನ ಇನ್ನೊಂದು ಭಾಗದಲ್ಲಿ ಅದೇ ಡೋಪಮೈನ್ ಏರುವುದೂ ಕಂಡಿತು. ಈಗ ಬರುತ್ತೆ, ಈಗ ಬರುತ್ತೆ ಅನ್ನುವ ಆ ನಿರೀಕ್ಷೆಯೇ ಒಂದು ಬೇರೆ ಸುಖ. ಇದು ಸೆಕೆಂಡುಗಳ ಲೆಕ್ಕ. ವಾರಗಟ್ಟಲೆ ಕಾಯುವುದಕ್ಕೂ ಇದೇ ಕಾರಣ ಅಂತ ನಾನು ಹೇಳಲಾರೆ. ಆದರೆ ತೆರೆಯ ಮೇಲೆ ಕಿರೀಟದ ತುದಿ ಕಂಡಾಗ ನನ್ನೊಳಗೆ ಏನಾಗುತ್ತಿತ್ತು ಅನ್ನುವುದಕ್ಕೆ ಒಂದು ಹೆಸರು ಸಿಕ್ಕ ಹಾಗಾಯಿತು.

ಸರಿ, ಮತ್ತೆ 2011ಕ್ಕೆ ಬರೋಣ.

ಆ ಅಕ್ಟೋಬರ್ ಬೆಂಗಳೂರಿಗೇ ಒಂಥರಾ ಸಂಭ್ರಮದ್ದು. 20ನೇ ತಾರೀಖು ನಮ್ಮ ಮೆಟ್ರೊ ಮೊದಲ ಸಲ ಓಡಿತು, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. ಕೆಲಸ ಇಲ್ಲದಿದ್ದರೂ ಜನ ಸಂಸಾರ ಸಮೇತ ಹೋಗಿ ಕೂತು ಬರುತ್ತಿದ್ದರು. 26ಕ್ಕೆ ದೀಪಾವಳಿ. ನಾನು ಪಟಾಕಿ ಸದ್ದಿನ ನಡುವೆಯೂ ಕಿವಿಗೆ ಇಯರ್‌ಫೋನ್ ಹಾಕಿ ಓಡಾಡುತ್ತಿದ್ದೆ.

28, ಶುಕ್ರವಾರ. ಗುರ್‌ಗಾಂವ್ ಶೋ ದಿನ. ಸಂಜೆ ಆಫೀಸಿನಲ್ಲಿ ಕೂತು ಸುದ್ದಿ ನೋಡುತ್ತಿದ್ದೆ. ಶುರುವಾಗುವ ಹೊತ್ತಾಯಿತು, ಶುರುವಾಗಲಿಲ್ಲ. ಸುರಕ್ಷತೆಯ ಕಾರಣಕ್ಕೆ ಮುಂದಕ್ಕೆ ಹಾಕಿದ್ದೇವೆ ಅಂದರು. ಮೈದಾನದಲ್ಲಿ ಕಾದಿದ್ದ ಜನ ಸಿಟ್ಟಿಗೆದ್ದು ವೇದಿಕೆಗೆ ನುಗ್ಗಿ ಒಡೆದು ಹಾಕಿದರು. ಆಮೇಲೆ ಶೋ ರದ್ದೇ ಆಯಿತು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಬೆಂಗಳೂರಿನದ್ದೂ ಹೋಯಿತು ಅಂತಲೇ ಲೆಕ್ಕ ಹಾಕಿದ್ದೆ. ಶನಿವಾರ ಪೂರ್ತಿ ಗೆಳೆಯರ ಫೋನು. ನಡೆಯುತ್ತಂತೆ. ಇಲ್ಲವಂತೆ. ಬ್ಯಾಂಡ್ ಬಂದಿಳಿದಿದೆಯಂತೆ. ಅಪ್ಪ ಪೇಪರಿನಿಂದ ತಲೆ ಎತ್ತಿ, "ರದ್ದಾಗಿದೆ ಅಂತ ಯಾರೂ ಹೇಳಿಲ್ಲ ಅಲ್ವಾ? ಹಾಗಾದ್ರೆ ಹೋಗೋ ತಯಾರಿ ಮಾಡ್ಕೋ," ಅಂದರು.

ಅವತ್ತು ನನಗೂ ಗುರ್‌ಗಾಂವ್ ವಿಷಯದಲ್ಲಿ ವಿಪರೀತ ಸಿಟ್ಟು ಬಂದಿತ್ತು. ಸಾವಿರಾರು ಜನರನ್ನು ಕರೆಸಿ, ನಿಲ್ಲಿಸಿ, ಇಲ್ಲ ಅನ್ನುವುದಾ ಅಂತ. ಈಗ ಬೇರೆ ಥರ ಯೋಚಿಸುತ್ತೇನೆ. ಜನರನ್ನು ತಡೆಯುವ ಬೇಲಿ ಗಟ್ಟಿ ಇಲ್ಲ ಅನ್ನಿಸಿದರೆ ನುಡಿಸದೆ ಇರುವುದೇ ಸರಿ. ಕಾಯುವ ಜನ ಒಬ್ಬೊಬ್ಬರಾಗಿ ಒಳ್ಳೆಯವರೇ. ಒಟ್ಟಿಗೆ ಒಂದು ಬಾಗಿಲ ಕಡೆ ತಿರುಗಿದರೆ ಅವರ ಆಸೆಗೇ ಭಾರ ಬಂದುಬಿಡುತ್ತದೆ. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ದಿ ಹೂ ಎಂಬ ಬ್ಯಾಂಡಿನ ಶೋ ಇತ್ತು. ಹೊರಗೆ ಚಳಿಯಲ್ಲಿ ಜನ ಕಾಯುತ್ತಿದ್ದರು. ಒಳಗೆ ಬ್ಯಾಂಡ್ ಸೌಂಡ್ ಚೆಕ್ ಮಾಡಿತು. ಆ ಸದ್ದು ಕೇಳಿ, ಶೋ ಶುರುವಾಗಿಯೇಬಿಟ್ಟಿತು ಅಂತ ಹೊರಗಿದ್ದವರು ಬಾಗಿಲಿಗೆ ನುಗ್ಗಿದರು. ಹನ್ನೊಂದು ಜನ ಸತ್ತರು. ನಮ್ಮೂರಿನಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಅಲ್ಲೂ ಹನ್ನೊಂದು ಜನ. ಎಲ್ಲರೂ ತಮಗೆ ಇಷ್ಟವಾದವರನ್ನು ನೋಡಲು ಬಂದವರು. ಅದಕ್ಕೇ ಅಕ್ಕನ ಮಗಳಿಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಿದ್ದೇನೆ. ಬೇಗ ಹೋಗು, ಹೊರಗೆ ಬರುವ ದಾರಿ ಮೊದಲು ನೋಡಿಕೋ, ನೂಕುನುಗ್ಗಲು ಜಾಸ್ತಿ ಆದರೆ ಮುಂದೆ ನಿಲ್ಲುವ ಆಸೆ ಬಿಡು. ಇದರಲ್ಲಿ ಚೌಕಾಸಿ ಬೇಡ.

ಭಾನುವಾರ ಮಧ್ಯಾಹ್ನ ಮೇಖ್ರಿ ಸರ್ಕಲ್ ಹತ್ತಿರ ಬಸ್ಸಿನಿಂದ ಇಳಿದೆ. ರಸ್ತೆಯೆಲ್ಲ ಕಪ್ಪು ಟೀ ಶರ್ಟು. ಇಷ್ಟು ಜನ ಈ ಊರಲ್ಲಿ ಎಲ್ಲಿದ್ದರು? ಕ್ಲಾಸಿನಲ್ಲಿ, ಆಫೀಸಿನಲ್ಲಿ ಈ ಹಾಡು ಕೇಳುವವನು ನಾನೊಬ್ಬನೇ ಅಂದುಕೊಂಡಿದ್ದೆ. ಸರದಿಯಲ್ಲಿ ನನ್ನ ಮುಂದೆ ಹುಬ್ಬಳ್ಳಿಯ ಹುಡುಗನೊಬ್ಬ, ರಾತ್ರಿ ರೈಲಿನಲ್ಲಿ ಬಂದವನು. "ಇಲ್ಲೂ ಕ್ಯಾನ್ಸಲ್ ಆದ್ರ ಏನ್ ಮಾಡೂದ್ರೀ?" ಅಂತ ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದ. ಹಿಂದೆ ಒಬ್ಬ ದೆಹಲಿಯವನು. ಶುಕ್ರವಾರ ಗುರ್‌ಗಾಂವ್ ಮೈದಾನದಲ್ಲಿ ನಿಂತು ಬರಿಗೈಲಿ ವಾಪಸಾದವನು. ಮನೆಗೆ ಹೋಗಿ ಯೋಚಿಸಿ, ಶನಿವಾರ ವಿಮಾನ ಹತ್ತಿ ಇಲ್ಲಿಗೆ ಬಂದಿದ್ದ. ಅವನು ಜಾಸ್ತಿ ಮಾತಾಡುತ್ತಿರಲಿಲ್ಲ. ಗೇಟಿನ ಕಡೆಯೇ ನೋಡುತ್ತಿದ್ದ. ಅಮ್ಮ ದೀಪಾವಳಿಯ ಕಜ್ಜಾಯ ಕಟ್ಟಿ ಕೊಟ್ಟಿದ್ದಳು. ಒಳಗೆ ತಿಂಡಿ ಬಿಡುವುದಿಲ್ಲ ಅಂದರು. ಅಲ್ಲೇ ಬಿಚ್ಚಿದೆ. ಹುಬ್ಬಳ್ಳಿಯವನಿಗೆ ಎರಡು, ದೆಹಲಿಯವನಿಗೆ ಎರಡು. ಇದೇನು ಅಂತ ಅವನು ಹಿಂದಿಯಲ್ಲಿ ಕೇಳಿದ. ಅಕ್ಕಿ, ಬೆಲ್ಲ, ಎಣ್ಣೆ ಅಂತ ಹೇಳಿದೆ. ತಿಂದು ಮೊದಲ ಸಲ ನಕ್ಕ.

ಕೆಸರಾಗಿತ್ತು ಮೈದಾನ. ಶೂ ಅಂಟಿಕೊಳ್ಳುತ್ತಿತ್ತು. ನಮ್ಮೂರಿನ ಇನ್ನರ್ ಸ್ಯಾಂಕ್ಟಮ್ ನುಡಿಸಿತು, ಸ್ಕಾಟ್‌ಲೆಂಡಿನ ಬಿಫಿ ಕ್ಲೈರೊ ನುಡಿಸಿತು. ಮುಂಚೆ ನುಡಿಸುವ ಬ್ಯಾಂಡುಗಳ ಪಾಡು ಕಷ್ಟದ್ದು. ಜನ ಬಂದಿರುವುದು ಬೇರೆಯವರಿಗೆ. ಆದರೂ ಆ ಮೈದಾನವನ್ನು ಬಿಸಿ ಮಾಡಿಟ್ಟವರು ಅವರೇ. ನಮ್ಮ ಹುಡುಗರು ಅಂಥ ವೇದಿಕೆ ಮೇಲೆ ನಿಂತದ್ದು ನೋಡಿ ನನಗೆ ಕಣ್ಣು ತುಂಬಿ ಬಂತು. ಇದನ್ನು ಹೇಳಲು ನನಗೆ ಸಂಕೋಚ ಇಲ್ಲ.

ಅದು ಮುಗಿದ ಮೇಲಿನ ಬಿಡುವು ಇದೆಯಲ್ಲ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ನನ್ನ ಪ್ರಕಾರ ಇಡೀ ಸಂಜೆಯ ಅತ್ಯಂತ ತುಂಬಿದ ಹೊತ್ತು ಅದು. ಮುಂದೆ ಇಟ್ಟಿದ್ದ ಡ್ರಮ್ಸ್ ಸೆಟ್ ತೆಗೆಯುತ್ತಾರೆ. ಹಿಂದೆ ಕಪ್ಪು ಬಟ್ಟೆ ಮುಚ್ಚಿದ್ದ ದೊಡ್ಡ ಸೆಟ್ಟಿನ ಮುಸುಕು ತೆಗೆಯುತ್ತಾರೆ. ಆ ಬಟ್ಟೆ ಸರಿದಾಗಲೇ ಅರ್ಧ ಮೈದಾನ ಕೂಗಿತು. ಆಮೇಲೆ ತಂತ್ರಜ್ಞರು ಒಂದೊಂದೇ ತಂತಿ, ಒಂದೊಂದೇ ಮೈಕು ಪರೀಕ್ಷೆ ಮಾಡುತ್ತಾರೆ. ಒಬ್ಬ ಕೂತು ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮನ್ನು ಒಂದೇ ಸಮ ಹೊಡೆಯುತ್ತಾನೆ. ದಮ್. ದಮ್. ದಮ್. ಲಯ ಇಲ್ಲ, ಏನೂ ಇಲ್ಲ. ಬರೀ ಸದ್ದು ಸರಿ ಇದೆಯಾ ಅಂತ. ಆದರೆ ಆ ಸದ್ದು ಎದೆಗೆ ಬಡಿಯುತ್ತದೆ. ಹದಿಮೂರು ವರ್ಷ ಕಿವಿಯಲ್ಲಿದ್ದದ್ದು ಮೊದಲ ಸಲ ಎದೆಗೆ ಬಂತು. ಹೊನ್ನಾವರದ ಗದ್ದೆ ದಾಟಿ ಬರುತ್ತಿದ್ದ 'ಕೇಳಿ' ನೆನಪಾಯಿತು.

ಎಲ್ಲಿ ನಿಲ್ಲಬೇಕು ಅಂತ ಅಕ್ಕನ ಮಗಳು ಕೇಳಿದ್ದಳು. ಮೈದಾನದ ನಡುವೆ ಸೌಂಡ್ ಎಂಜಿನಿಯರ್ ಕೂರುವ ಜಾಗ ಇರುತ್ತದೆ, ದೊಡ್ಡ ಮಿಕ್ಸರ್ ಇಟ್ಟುಕೊಂಡು. ಅವರು ತಮ್ಮ ಕಿವಿಗೆ ಬಿದ್ದದ್ದನ್ನು ನೋಡಿಕೊಂಡೇ ಎಲ್ಲ ಹೊಂದಿಸುವುದು. ಹಾಗಾಗಿ ಅದರ ಹತ್ತಿರ ನಿಂತರೆ ಕೇಳುವುದು ಚೆನ್ನಾಗಿರುತ್ತದೆ. ತೀರಾ ಹಿಂದೆ ನಿಂತರೆ ಇನ್ನೊಂದು ತಮಾಷೆ ಕಾಣುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 170 ಮೀಟರ್ ದೂರದಲ್ಲಿದ್ದರೆ ಅರ್ಧ ಸೆಕೆಂಡ್ ತಡ. ಕೋಲು ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ. ದೊಡ್ಡ ಶೋಗಳಲ್ಲಿ ಹಿಂದೆ ಸ್ಪೀಕರ್ ಗೋಪುರ ನಿಲ್ಲಿಸಿ, ಅದರ ಸದ್ದನ್ನು ಬೇಕೆಂದೇ ಅಷ್ಟು ತಡ ಮಾಡಿ ಬಿಡುತ್ತಾರೆ. ಮುಂದಿನಿಂದ ಬರುವ ಸದ್ದಿನ ಜೊತೆ ಕೂಡಲಿ ಅಂತ. ಇನ್ನು ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಲೇಬೇಕು. 100 ಡೆಸಿಬಲ್ ಸದ್ದಿನಲ್ಲಿ ಬರಿಗಿವಿಯಲ್ಲಿ ಹದಿನೈದು ನಿಮಿಷಕ್ಕಿಂತ ಜಾಸ್ತಿ ಇರಬಾರದು ಅಂತ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುತ್ತದೆ. ರಾಕ್ ಶೋ ಎರಡು ಗಂಟೆ. ಲಾರ್ಸ್ ಉಲ್ರಿಕ್ ಅವರಿಗೇ ಕಿವಿಯಲ್ಲಿ ಸದಾ ಗುಂಯ್ ಅನ್ನುವ ತೊಂದರೆ ಇದೆ, ಅವರೇ ಹೇಳಿಕೊಂಡಿದ್ದಾರೆ. ಮುಂದಿನ ಬ್ಯಾಂಡಿಗೂ ಕಿವಿ ಬೇಕಲ್ಲ.

ಇನ್ನೊಂದು ಮಾತು. ಈಗ ಯಾವ ಬ್ಯಾಂಡ್ ಯಾವ ಊರಲ್ಲಿ ಯಾವ ಹಾಡು, ಯಾವ ಕ್ರಮದಲ್ಲಿ ನುಡಿಸಿತು ಅನ್ನುವುದೆಲ್ಲ ಮೊಬೈಲಿನಲ್ಲೇ ಸಿಗುತ್ತದೆ. ಹಿಂದಿನ ವಾರದ ಶೋ ವಿಡಿಯೋ ಪೂರ್ತಿ ಸಿಗುತ್ತದೆ. ದಯವಿಟ್ಟು ನೋಡಬೇಡಿ. ಹಾಡುಗಳನ್ನು ಅಪ್ಪನ ಹಾಗೆ ಬಾಯಿಪಾಠ ಆಗುವಷ್ಟು ಕೇಳಿ. ಆದರೆ ಮುಂದಿನ ಹಾಡು ಯಾವುದು ಅಂತ ತಿಳಿದು ಹೋಗಬೇಡಿ. ಕಿರೀಟದ ತುದಿ ಸಾಕು.

ಕತ್ತಲಾಯಿತು. ಮೈದಾನದ ದೀಪ ಆರಿತು. ಮೆಟಾಲಿಕಾ ವೇದಿಕೆಗೆ ಬರುವ ಮುಂಚೆ 1983ರಿಂದ ಒಂದೇ ಸಂಗೀತ ಹಾಕಿಸುತ್ತದೆ. ಇಟಲಿಯ ಎನಿಯೊ ಮೊರಿಕೋನೆ 1966ರ ಒಂದು ಕೌಬಾಯ್ ಸಿನಿಮಾಕ್ಕೆ ಮಾಡಿದ್ದು. ಗಿಟಾರಿನ ಅಬ್ಬರ ಇಲ್ಲ. ಮೆಲ್ಲಗೆ ಪಿಯಾನೊ, ಆಮೇಲೆ ಒಂದು ಹೆಣ್ಣು ದನಿ, ಮಾತಿಲ್ಲದ ಆಲಾಪ. ಆ ದನಿ ಏರುತ್ತದೆ, ಏರುತ್ತದೆ. ಇಡೀ ಮೈದಾನ ಆ ರಾಗವನ್ನು ಹಾಡುತ್ತಿತ್ತು. ವೇದಿಕೆ ಖಾಲಿ. ದೆಹಲಿಯ ಹುಡುಗ ನನ್ನ ಭುಜ ಹಿಡಿದುಕೊಂಡಿದ್ದ. ಮುಖ ನೋಡಿದೆ, ಅಳುತ್ತಿದ್ದ. ಲೆಕ್ಕದ ಪ್ರಕಾರ ಬೆಂಗಳೂರಿನದ್ದು ಎರಡನೇ ಶೋ ಆಗಬೇಕಿತ್ತು. ಗುರ್‌ಗಾಂವ್ ರದ್ದಾದ ಕಾರಣ ಭಾರತದಲ್ಲಿ ಮೆಟಾಲಿಕಾ ಮೊದಲು ನುಡಿಸಿದ್ದು ಇಲ್ಲೇ ಆಯಿತು. ಅವನಿಗೂ ಅದೇ ಮೊದಲು, ನನಗೂ ಅದೇ ಮೊದಲು.

ಶೋ ಹೇಗಿತ್ತು ಅಂತ ಕೇಳಿದರೆ ನಾನು ಜಾಸ್ತಿ ಹೇಳಲಾರೆ. ಚೆನ್ನಾಗಿತ್ತು, ತುಂಬ ಚೆನ್ನಾಗಿತ್ತು. ಆದರೆ ತುಣುಕು ತುಣುಕಾಗಿ ಅಷ್ಟೇ ನೆನಪು. ಬೆಂಕಿಯ ಬೆಳಕು, ಸಾವಿರಾರು ಕೈ, ಕೆಸರು. ಅದಕ್ಕೆ ಮುಂಚಿನ ದಿನಗಳು ಮಾತ್ರ ಒಂದೊಂದೂ ಸ್ಪಷ್ಟವಾಗಿ ನೆನಪಿವೆ.

ಮೊನ್ನೆ ಇದನ್ನೆಲ್ಲ ಹೇಳುವಾಗ ಅಕ್ಕನ ಮಗಳು ಕೇಳಿದಳು. "ಮತ್ತೆ ಆ ಕಟ್ ಆಗಿದ್ದ ಹಾಡು? ಅದನ್ನ ನುಡಿಸಿದ್ರಾ ಮಾಮ?" ಇಲ್ಲ. ಆಲ್ಬಮ್ ಬಂದು ಇಪ್ಪತ್ತು ವರ್ಷವಾದರೂ ಅದನ್ನು ಅವರು ವೇದಿಕೆಯಲ್ಲಿ ಒಮ್ಮೆಯೂ ನುಡಿಸಿರಲಿಲ್ಲ. ಮೊದಲು ನುಡಿಸಿದ್ದು 2012ರಲ್ಲಿ, ಯೂರೋಪಿನಲ್ಲಿ, ಇಡೀ ಆಲ್ಬಮ್ಮನ್ನು ಒಟ್ಟಿಗೆ ನುಡಿಸಿದಾಗ. ನಮ್ಮೂರಿಗೆ ಬಂದು ಹೋದ ಮುಂದಿನ ವರ್ಷ. ಸಿಡಿಯಲ್ಲಿ ಅದರ ಕೊನೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಎದುರಿಗೆ ನಿಂತು ಕೇಳುವುದು ಬಾಕಿ ಇದೆ.

ಅವಳು ಹಳೇ ಕ್ಯಾಸೆಟ್ ನೋಡಬೇಕು ಅಂದಳು. ಅಪ್ಪನ ಟೇಪ್ ರೆಕಾರ್ಡರ್ ಇನ್ನೂ ಓಡುತ್ತದೆ. ಹಾಕಿದೆ. ಇಬ್ಬರೂ ನೆಲದ ಮೇಲೆ ಕೂತು ಆ ಹಾಡು ಕೇಳಿದೆವು, ಗುಂಡಿ ಮೇಲಕ್ಕೆ ಹಾರುವವರೆಗೆ.